ಸೋಡಿಯಂ ಹಿಡಿದ ಪ್ರೇರಿ ಜೇಡಿಮಣ್ಣು: ಗುಂಡಿ ತೋಡಿ, ಗುರುತು ಹಿಡಿದು, ಹೆಸರಿಡುವ ಬಗೆ

ಪ್ರೇರಿ ಅಂದರೆ ಉತ್ತರ ಅಮೆರಿಕದ ಹುಲ್ಲುಗಾವಲ ಬಯಲು ಸೀಮೆ. ಅದರಲ್ಲಿ ಅಮೆರಿಕದ ನಾರ್ತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಆಗಸ್ಟ್ ತಿಂಗಳಲ್ಲಿ ಗುಂಡಿ ತೋಡಿದವರಿಗೆ ಈ ಅನುಭವ ಆಗಿಯೇ ಆಗಿರುತ್ತದೆ. ಮೇಲಿನ ನಾಲ್ಕು ಬೆರಳಷ್ಟು ಮಣ್ಣು ಸನಿಕೆಗೆ ಹಿಟ್ಟಿನಂತೆ ಬರುತ್ತದೆ. ಐದನೆಯ ಬೆರಳಿಗೆ ಸನಿಕೆ ಟಣ್ ಎಂದು ನಿಲ್ಲುತ್ತದೆ. ಕಲ್ಲು ಅಡ್ಡ ಬಂತು ಅಂದುಕೊಂಡು ಒಂದಡಿ ಆಚೆ ತೋಡಿದರೆ ಅಲ್ಲೂ ಟಣ್. ಕಲ್ಲಲ್ಲ, ಅದೂ ಮಣ್ಣೇ. ಹಿಮ ಕರಗಿದ ಮೇಲೆ, ಮೇ ತಿಂಗಳಲ್ಲಿ ಅದೇ ಜಾಗಕ್ಕೆ ಬನ್ನಿ: ಆ ಗಟ್ಟಿ ಪದರವೇ ಅಂಟಾಗಿ ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಅಲ್ಲಿನ ರೈತರು ಇದನ್ನು ಗಂಬೋ ಎನ್ನುತ್ತಾರೆ. ಮಣ್ಣು ವಿಜ್ಞಾನದವರು ಸೊಲೊನೆಟ್ಸ್ ಎನ್ನುತ್ತಾರೆ. ರಷ್ಯನ್ ಭಾಷೆಯ ಪದ, ಉಪ್ಪು ಎಂಬ ಅರ್ಥದ ‘ಸೋಲ್’ನಿಂದ ಬಂದದ್ದು.

ನಾನು ಸಿರುಗುಪ್ಪ ಕಡೆಯ ಎರೆಹೊಲದಲ್ಲಿ ಬೆಳೆದವನು. ಬಿರುಕು ಬಿಡುವ ಕಪ್ಪು ಮಣ್ಣು ನನಗೆ ಹೊಸದಲ್ಲ ಎಂಬ ಜಂಬದಲ್ಲೇ ಇಲ್ಲಿ ಮಣ್ಣು ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ಮೊದಲ ಬೇಸಿಗೆಯಲ್ಲೇ ಜಂಬ ಇಳಿಯಿತು. ಕೃಷಿ ಪದವಿ ಮುಗಿಸಿ ಉತ್ತರ ಅಮೆರಿಕಕ್ಕೆ ಓದಲು, ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರು ಇದೇ ಮಣ್ಣಿನ ಮುಂದೆ ಕಕ್ಕಾಬಿಕ್ಕಿಯಾಗುವುದನ್ನು ಆಮೇಲೆ ಹಲವು ಸಲ ನೋಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಈ ಮಣ್ಣನ್ನು ಕಣ್ಣಳತೆಯಲ್ಲಿ ಮಾತ್ರ ಹೆಸರಿಸಬೇಡಿ, ಪ್ರಯೋಗಾಲಯದ ಒಂದು ಅಂಕಿಯನ್ನು ಹಿಡಿದೂ ಹೆಸರಿಸಬೇಡಿ. ಮಣ್ಣಿನ ಆಕಾರ ಹೇಳುವುದೂ ಅಂಕಿ ಹೇಳುವುದೂ ತಾಳೆಯಾದ ಮೇಲೆ ಹೆಸರು.

ಸೋಡಿಯಂ ಬಂದದ್ದು ಎಲ್ಲಿಂದ

ಏಳೆಂಟು ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ಮಧ್ಯಭಾಗವನ್ನು ಸಮುದ್ರ ಆವರಿಸಿತ್ತು. ಅದರ ತಳದ ಕೆಸರು ಕಲ್ಲಾಗಿ ಡಕೋಟಾಗಳಲ್ಲಿ ಪಿಯರ್ ಶೇಲ್ ಆಯಿತು, ಕೆನಡಾದ ಸಸ್ಕಾಚೆವಾನ್ ಮತ್ತು ಆಲ್ಬರ್ಟಾದಲ್ಲಿ ಬೇರ್‌ಪಾ ಶೇಲ್ ಆಯಿತು. ಈ ಕಲ್ಲಿನಲ್ಲಿ ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿ ಖನಿಜ ಉಂಟು, ಸೋಡಿಯಮ್ಮೂ ಉಂಟು. ಹಿಮಯುಗದ ನೀರ್ಗಲ್ಲುಗಳು ಹಲವೆಡೆ ಇದನ್ನು ಉಜ್ಜಿ ಪುಡಿಮಾಡಿ ಬಯಲ ತುಂಬ ಹರಡಿದವು. ಹಿಮ ತಲುಪದ ಕಡೆ ಶೇಲ್ ತಾನೇ ಸವೆದು ಮಣ್ಣಾಯಿತು. ಅಂತರ್ಜಲ ಆ ಉಪ್ಪನ್ನು ಕರಗಿಸಿಕೊಂಡು ಮೇಲೆ ತಂದಿತು. ವರ್ಷಕ್ಕೆ 350ರಿಂದ 400 ಮಿ.ಮೀ. ಮಳೆ ಹಿಮ ಸೇರಿ ಬೀಳುವ ಸೀಮೆಯಲ್ಲಿ ಆ ಉಪ್ಪು ಪೂರ್ತಿ ತೊಳೆದುಹೋಗುವುದೂ ಇಲ್ಲ. ಸಸ್ಕಾಚೆವಾನ್‌ನ ಚಾಪ್ಲಿನ್ ಸರೋವರದಲ್ಲಿ ಸೋಡಿಯಂ ಸಲ್ಫೇಟನ್ನು ಗಣಿಗಾರಿಕೆ ಮಾಡಿ ತೆಗೆಯುತ್ತಾರೆ ಅಂದರೆ ಉಪ್ಪಿನ ಪ್ರಮಾಣ ಎಷ್ಟಿರಬಹುದು ಊಹಿಸಿ.

ಇನ್ನು ಸೋಡಿಯಂ ಮಾಡುವ ಕಿತಾಪತಿ. ಜೇಡಿಯ ಕಣಗಳು ಋಣ ವಿದ್ಯುದಂಶದ ತೆಳು ಹಾಳೆಗಳು. ಕ್ಯಾಲ್ಸಿಯಂ ಎರಡು ಧನಾಂಶ ಹೊತ್ತದ್ದು, ಹಾಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಸೋಡಿಯಂ ಒಂದೇ ಧನಾಂಶದ್ದು, ಸುತ್ತ ನೀರಿನ ಕವಚವನ್ನು ಬೇರೆ ಕಟ್ಟಿಕೊಂಡಿರುತ್ತದೆ. ಅದು ಸೇರಿದ ಕಡೆ ಹಾಳೆಗಳು ಬಿಟ್ಟುಕೊಳ್ಳುತ್ತವೆ. ನೀರಿನಲ್ಲಿ ಬೇರೆ ಉಪ್ಪು ಸಾಕಷ್ಟು ಇರುವತನಕ ಇದು ಕಣ್ಣಿಗೆ ಬೀಳುವುದಿಲ್ಲ. ಅಂತರ್ಜಲ ಕೆಳಗಿಳಿದು, ಮಳೆನೀರು ಉಪ್ಪನ್ನು ತೊಳೆಯತೊಡಗಿದಾಗ ಜೇಡಿ ಚದುರಿ ನೀರಿನ ಜೊತೆ ಕೆಳಗಿಳಿಯುತ್ತದೆ, ಒಂದು ಆಳದಲ್ಲಿ ಹೋಗಿ ಅಡರುತ್ತದೆ. ಸನಿಕೆಗೆ ಟಣ್ ಎಂದದ್ದು ಆ ಅಡರು. ಹಂತಗಳು ಮೂರು: ಮೊದಲು ಉಪ್ಪು ತುಂಬಿದ ಸೊಲೊನ್‌ಚಾಕ್, ಉಪ್ಪು ತೊಳೆದು ಸೋಡಿಯಂ ಉಳಿದಾಗ ಸೊಲೊನೆಟ್ಸ್, ಕೊನೆಗೆ ಆ ಗಟ್ಟಿ ಪದರವೇ ಮೇಲಿನಿಂದ ಕರಗತೊಡಗಿದಾಗ ಸೊಲೊಡ್. ಈ ಸರಣಿಯನ್ನು ಅಯಾನು ವಿನಿಮಯದ ಮೂಲಕ ವಿವರಿಸಿದವರು ರಷ್ಯಾದ ಕಾನ್‌ಸ್ಟಾಂಟಿನ್ ಗೆಡ್ರಾಯ್ಟ್ಸ್. ಗುಂಡಿಯ ಮಗ್ಗುಲು ಓದುವಾಗ ಇದು ನೆನಪಿನಲ್ಲಿರಲಿ, ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಸನಿಕೆ ಕೆಳಗಿಟ್ಟು ನೆಲ ನೋಡಿ

ಹೊಲದ ಅಂಚಿನಲ್ಲಿ ನಿಂತು ಬೆಳೆಯ ಎತ್ತರ ನೋಡಿ. ಗೋಧಿ ಸಮನಾಗಿ ಇರುವುದಿಲ್ಲ, ಅಲೆ ಅಲೆಯಾಗಿ ಇರುತ್ತದೆ. ಇಲ್ಲಿ ಮೊಣಕಾಲುದ್ದ, ನಾಲ್ಕು ಮಾರು ಆಚೆ ಗೇಣುದ್ದ, ಮತ್ತೆ ಮೊಣಕಾಲುದ್ದ. ಗಟ್ಟಿ ಪದರದ ಆಳ ಮಾರು ಮಾರಿಗೂ ಬದಲಾಗುವುದರಿಂದ ಹೀಗೆ. ಉಳದ ಹುಲ್ಲುಗಾವಲಾದರೆ ಇನ್ನೂ ಒಳ್ಳೆಯ ಸುಳಿವು ಸಿಗುತ್ತದೆ: ಮೇಲ್ಮಣ್ಣು ಹಾರಿ ಅಥವಾ ಕೊಚ್ಚಿ ಹೋಗಿ ಗಟ್ಟಿ ಪದರ ಬಯಲಾದ ತಗ್ಗುಗಳು. ಆಳ ಒಂದು ಗೇಣಿಗಿಂತ ಕಮ್ಮಿ, ಅಗಲ ಒಂದೆರಡು ಮಾರು, ಒಳಗೆ ಹುಲ್ಲು ಅಲ್ಲೊಂದು ಇಲ್ಲೊಂದು. ಆಲ್ಬರ್ಟಾ ಕಡೆ ಇದಕ್ಕೆ ‘ಬರ್ನ್‌ಔಟ್’ ಎನ್ನುತ್ತಾರೆ, ಸುಟ್ಟುಹೋದ ಜಾಗದಂತೆ ಕಾಣುವುದಕ್ಕೆ. ಮಳೆ ಬಂದ ಮರುದಿನ ಈ ತಗ್ಗುಗಳಲ್ಲಿ ಕದಡಿದ ನೀರು ನಿಂತಿರುತ್ತದೆ. ಸುತ್ತಲಿನ ನೆಲ ಆರಿದರೂ ಅದು ಇಂಗುವುದಿಲ್ಲ.

ಗಿಡಗಳ ಮಾತನ್ನು ಅರ್ಧ ನಂಬಿ. ವೆಸ್ಟರ್ನ್ ವೀಟ್‌ಗ್ರಾಸ್ ಇಂಥ ಜೇಡಿಯಲ್ಲಿ ಚೆನ್ನಾಗಿ ಬರುತ್ತದೆ, ಬೋಳು ತಗ್ಗುಗಳ ಸುತ್ತ ಅಂಟು ಹೂವಿನ ಗಮ್‌ವೀಡ್ ಕಾಣುತ್ತದೆ. ಆದರೆ ಫಾಕ್ಸ್‌ಟೇಲ್ ಬಾರ್ಲಿ, ಕೋಚಿಯಾ ಒತ್ತಾಗಿ ಬೆಳೆದು ನೆಲದ ಮೇಲೆ ಬಿಳಿ ಹೊರಪೊರೆ ಕಂಡರೆ ಅದು ಉಪ್ಪಿನ ಜಾಗ, ನಾವು ಹುಡುಕುತ್ತಿರುವ ಸೋಡಿಯಂ ಜಾಗವೇ ಆಗಬೇಕೆಂದಿಲ್ಲ. ನಮ್ಮೂರಲ್ಲಿ ಎರಡಕ್ಕೂ ಚೌಳು, ಸವಳು ಎಂದು ಕರೆದು ಮುಗಿಸುತ್ತೇವೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಉಪ್ಪಿನ ಮಣ್ಣಿನ ಮೇಲ್ಮೈ ಸಡಿಲವಾಗಿ ಬೂದಿಯಂತೆ ಇರಬಹುದು. ಸೋಡಿಯಂ ಮಣ್ಣು ಬಿಳಿಯೇ ಇರುವುದಿಲ್ಲ, ನೋಡಲು ಸಾಧಾರಣ ಬೂದುಗಂದು, ಮುಟ್ಟಿದರೆ ಸಿಮೆಂಟು.

ಹೆಜ್ಜೆ 2: ಒಂದಲ್ಲ, ಎರಡು ಗುಂಡಿ

ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ನೆಲದಡಿ ಗ್ಯಾಸ್, ವಿದ್ಯುತ್ ತಂತಿ ಹೋಗಿದೆಯೇ ಎಂದು ಕೇಳದೆ ತೋಡಬಾರದು. ಅಮೆರಿಕದಲ್ಲಾದರೆ 811ಕ್ಕೆ ಕರೆಮಾಡಿದರೆ ಬಂದು ಗುರುತು ಹಾಕುತ್ತಾರೆ, ಕೆನಡಾದಲ್ಲೂ ಪ್ರಾಂತ್ಯವಾರು ಇದೇ ವ್ಯವಸ್ಥೆ ಇದೆ. ಇದಕ್ಕೆ ಎರಡು ಮೂರು ಕೆಲಸದ ದಿನ ಮೊದಲೇ ಕರೆಮಾಡಿ.

ಬೆಳೆ ಚೆನ್ನಾಗಿರುವ ಕಡೆ ಒಂದು, ಕುಂಟಿದ ಕಡೆ ಒಂದು, ಹೀಗೆ ಎರಡು ಗುಂಡಿ ತೋಡಿ. ಒಂದನ್ನೇ ತೋಡಿದರೆ ಹೋಲಿಸಲು ಏನೂ ಇರುವುದಿಲ್ಲ. ಆಳ ಒಂದು ಮೀಟರು. ಅದಕ್ಕಿಂತ ಆಳ ಬೇಕೆನಿಸಿದರೆ ತಳದಿಂದ ಆಗರ್ ತಿರುಗಿಸಿ ಮಣ್ಣು ತೆಗೆಯಿರಿ, ಗುಂಡಿಯನ್ನೇ ಆಳ ಮಾಡಿ ಒಳಗೆ ಇಳಿಯಬೇಡಿ. ಸನಿಕೆಯ ಜೊತೆ ಹಾರೆ ಇರಲಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೂ ಗಟ್ಟಿ ಪದರ ದಾಟಿರುವುದಿಲ್ಲ. ಬಿಸಿಲು ಬೀಳುವ ಮಗ್ಗುಲನ್ನು ನೋಡುವ ಮಗ್ಗುಲಾಗಿ ಆರಿಸಿ. ಸನಿಕೆಯ ಅಲಗು ಮಣ್ಣನ್ನು ಉಜ್ಜಿ ನುಣುಪು ಮಾಡಿರುತ್ತದೆ, ಅದರ ಮೇಲೆ ಏನೂ ಕಾಣುವುದಿಲ್ಲ. ಚಾಕುವಿನ ಮೊನೆಯಿಂದ ಹೊರಮುಖವನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಚೂರು ಕಿತ್ತು ಉದುರಿಸುತ್ತ ಬನ್ನಿ. ಕೆತ್ತಬಾರದು, ಕೀಳಬೇಕು. ಅರ್ಧ ಗಂಟೆ ಹಿಡಿಯುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮುಂದೆ ನೋಡುವುದೆಲ್ಲ ಈ ಅರ್ಧ ಗಂಟೆಯ ಮೇಲೆ ನಿಂತಿದೆ.

ಹೆಜ್ಜೆ 3: ಮಗ್ಗುಲು ಓದುವುದು

ಮೇಲಿನಿಂದ ಹೊರಡಿ. ಮೊದಲು ಎ ಪದರ, ಹುಲ್ಲಿನ ಬೇರಿನಿಂದ ಕಪ್ಪಾದದ್ದು. ಅದರ ಕೆಳಗೆ ಬೂದು ಬಿಳುಪಿನ ಒಂದು ತೆಳು ಪಟ್ಟೆ ಇದೆಯೇ ನೋಡಿ. ಜೇಡಿ ಕಳೆದುಕೊಂಡು ಹಿಟ್ಟಿನಂತಾದ ಭಾಗ ಇದು. ಕೆನಡಾದವರು ಇದನ್ನು ಎಇ ಎಂದು ಬರೆಯುತ್ತಾರೆ, ಅಮೆರಿಕದವರು ಬರೀ ಇ ಎಂದು. ಅದರ ದಪ್ಪವನ್ನು ಅಳೆಪಟ್ಟಿ ಇಟ್ಟು ಅಳೆಯಿರಿ, ಮಗ್ಗುಲಿನ ಉದ್ದಕ್ಕೂ ಮೂರು ನಾಲ್ಕು ಕಡೆ. 2 ಸೆಂ.ಮೀ. ಎಂಬ ಗೆರೆಗೆ ಆಮೇಲೆ ಬೆಲೆ ಬರುತ್ತದೆ.

ಅದರ ಕೆಳಗೆ ನಮ್ಮ ಗಟ್ಟಿ ಪದರ. ಕೆನಡಾದಲ್ಲಿ ಬಿಎನ್‌ಟಿ, ಅಮೆರಿಕದಲ್ಲಿ ಬಿಟಿಎನ್. ಎನ್ ಅಂದರೆ ಸೋಡಿಯಂ, ಟಿ ಅಂದರೆ ಮೇಲಿನಿಂದ ಇಳಿದು ಸೇರಿದ ಜೇಡಿ. ಗಡಿ ದಾಟಿದರೆ ಅಕ್ಷರ ಅದಲುಬದಲು, ಅಷ್ಟೆ.

ಆಕಾರವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಣ್ಣು ನೆಟ್ಟಗಿನ ಕಂಬಗಳಾಗಿ ಒಡೆದಿರುತ್ತದೆ, ಹೆಚ್ಚುಕಮ್ಮಿ ಮುಷ್ಟಿ ದಪ್ಪದವು. ಕಂಬದ ತಲೆ ಚಪ್ಪಟೆ ಅಲ್ಲ, ಗುಂಡು. ಕೋಲಾರ ಕಡೆಯ ಕೋಟಿಲಿಂಗಕ್ಕೆ ಹೋಗಿದ್ದವರಿಗೆ ಬೇರೆ ಹೋಲಿಕೆ ಬೇಕಿಲ್ಲ: ಒತ್ತೊತ್ತಾಗಿ ನಿಂತ ಲಿಂಗಗಳ ಸಾಲು. ತಲೆಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿಯೂ ಇರುತ್ತದೆ. ಉಪ್ಪು ಅಂದುಕೊಂಡು ಬರೆದುಬಿಡಬೇಡಿ. ಜೇಡಿಯೂ ಸಾವಯವ ಬಣ್ಣವೂ ತೊಳೆದುಹೋದ ಮೇಲೆ ಉಳಿದ ಸಣ್ಣ ಮರಳು, ನಯಪುಡಿ ಅದು. ನೀರು ಕಂಬದ ತಲೆಯ ಮೇಲೆ ನಿಂತು, ಸಂದಿಗಳಲ್ಲಿ ಪಕ್ಕಕ್ಕೆ ಇಳಿದು, ಅಂಚುಗಳನ್ನು ಮೊದಲು ಕರಗಿಸುವುದರಿಂದ ತಲೆ ಗುಂಡಗಾಗುತ್ತದೆ. ಒಂದು ಕಂಬವನ್ನು ಜೋಪಾನವಾಗಿ ಎಬ್ಬಿಸಿ ಅಂಗೈ ಮೇಲಿಟ್ಟು ನೋಡಿ. ಮಗ್ಗುಲುಗಳಿಗೆ ಗಾಢ ಕಂದು ಬಣ್ಣದ ಮಿರುಗುವ ಪೊರೆ ಇರುತ್ತದೆ. ಹುಲ್ಲಿನ ಬೇರು ಕಂಬದ ಒಳಗೆ ಹೋಗಿರುವುದಿಲ್ಲ, ಸಂದಿಯಲ್ಲಿ ಚಪ್ಪಟೆಯಾಗಿ ಒತ್ತಿಕೊಂಡು ಇಳಿದಿರುತ್ತದೆ, ಪುಸ್ತಕದ ನಡುವೆ ಇಟ್ಟ ಎಲೆಯ ಹಾಗೆ. ಕಂಬವನ್ನು ಒಡೆಯಲು ಎರಡು ಕೈ ಸಾಲದೆ ಸುತ್ತಿಗೆ ಬೇಕಾದರೆ ಟಿಪ್ಪಣಿಯಲ್ಲಿ ‘ಅತಿ ಗಟ್ಟಿ’ ಎಂದು ಬರೆಯಿರಿ.

ಎಲ್ಲ ಕಡೆ ಇಷ್ಟು ಚೆಂದದ ಲಿಂಗ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ತಲೆ ಚಪ್ಪಟೆಯಾದ ಕಂಬಗಳೇ ಸಿಗಬಹುದು. ಹೊಲ ಉತ್ತಿದ್ದರೆ ನೇಗಿಲು ತಲೆಗಳನ್ನೆಲ್ಲ ಕೊಯ್ದು ಮೇಲ್ಮಣ್ಣಿಗೆ ಬೆರೆಸಿರುತ್ತದೆ. ಆಗ ಬೇಲಿಯ ಅಂಚಿಗೆ, ನೇಗಿಲು ತಾಗದ ಜಾಗಕ್ಕೆ ಹೋಗಿ ಮೂರನೆಯ ಸಣ್ಣ ಗುಂಡಿ ತೋಡಿ. ಕಂಬಗಳ ಮೇಲ್ಭಾಗ ಪೂರ್ತಿ ಸಡಿಲಗೊಂಡು, ಬೂದು ಪುಡಿ ಬೆರೆತ ತುಂಡುಗಳಾಗಿ ಉದುರುತ್ತಿದ್ದರೆ ಅದು ಸೊಲೊಡ್ ಹಂತ. ಆ ಸಡಿಲ ಭಾಗವನ್ನು ಎಬಿ ಎಂದು ಬೇರೆ ಪದರವಾಗಿ ಗುರುತಿಸಿ.

ಇನ್ನೂ ಕೆಳಗೆ ಸಿ ಪದರ, ಮಣ್ಣಾಗಿ ಹೆಚ್ಚು ಬದಲಾಗದ ಮೂಲ ದ್ರವ್ಯ. 10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ. ನೊರೆ ಎದ್ದರೆ ಸುಣ್ಣ. ಬಿಳಿ ಹರಳುಗಳಿದ್ದು ನೊರೆ ಬರದಿದ್ದರೆ, ಉಗುರಿನಿಂದ ಗೀರಲು ಬಂದರೆ, ಜಿಪ್ಸಮ್. ಎಷ್ಟು ಆಳದಲ್ಲಿ ಮೊದಲ ಹರಳು ಕಂಡಿತು ಎಂಬುದನ್ನು ಬರೆದಿಡಿ, 40 ಸೆಂ.ಮೀ. ಎಂಬ ಗೆರೆಗೂ ಬೆಲೆ ಇದೆ.

ಪ್ರತಿ ಪದರದ ಹಿಡಿ ಮಣ್ಣನ್ನು ನೀರು ಬೆರೆಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಮುರಿಯದೆ 5 ಸೆಂ.ಮೀ. ದಾಟಿದರೆ ಜೇಡಿ. ಸೋಡಿಯಂ ಇರುವ ಮಣ್ಣು ನಾದುತ್ತ ನಾದುತ್ತ ಇನ್ನಷ್ಟು ಬಿಗಿಯಾಗುತ್ತದೆ, ಐದು ನಿಮಿಷ ನಾದದೆ ತೀರ್ಪು ಕೊಡಬೇಡಿ. ಬಣ್ಣವನ್ನು ಮನ್ಸೆಲ್ ಎಂಬ ಬಣ್ಣದ ಮಾದರಿಗಳ ಪುಸ್ತಕದ ಪಕ್ಕ ಇಟ್ಟು, ತೇವ ಮಾಡಿ ಒಂದು ಸಲ, ಒಣಗಿದ್ದಾಗ ಒಂದು ಸಲ ನೋಡಿ. ಕಪ್ಪು ಕನ್ನಡಕ ತೆಗೆದಿಟ್ಟು ನೋಡಬೇಕು ಎಂದು ಬೇರೆ ಹೇಳಬೇಕೆ, ಹೇಳಬೇಕು, ನಾನೇ ಮರೆತಿದ್ದೇನೆ.

ಕೊನೆಯದು ಬಿರುಕು ಮತ್ತು ಜಾರುಮುಖ. ಜೇಡಿ ಉಬ್ಬಿ ಕುಗ್ಗಿ ಒಂದರ ಮೇಲೊಂದು ಉಜ್ಜಿದಾಗ ಓರೆಯಾಗಿ, ಗೀರುಗಳುಳ್ಳ ಮಿರುಗುವ ಮುಖಗಳು ಮೂಡುತ್ತವೆ. ಸ್ಲಿಕನ್‌ಸೈಡ್ ಎನ್ನುತ್ತಾರೆ. ಎರೆಹೊಲದ ಗುಂಡಿಯಲ್ಲಿ ಇವನ್ನು ನೋಡಿದವರು ನೆನಪಿಡಿ, ಅಲ್ಲಿ ಅಂಗೈ ಅಗಲದವು ಸಿಗುತ್ತವೆ, ಇಲ್ಲಿ ಚಿಕ್ಕವು. ಕಂಬದ ಮೇಲಿನ ಜೇಡಿಪೊರೆಯೂ ಮಿರುಗುವುದರಿಂದ ಎರಡನ್ನು ಕಲಸಿಕೊಳ್ಳುವುದು ಸುಲಭ. ಪೊರೆ ಲಂಬವಾಗಿ ಇರುತ್ತದೆ, ಗೀರು ಇರುವುದಿಲ್ಲ. ಜಾರುಮುಖ ಓರೆ, ಗೀರು ಇದ್ದೇ ಇರುತ್ತದೆ. ಎಷ್ಟು ಆಳದಿಂದ ಎಷ್ಟು ಆಳದತನಕ ಜಾರುಮುಖ ಇದೆ, ಬಿರುಕಿನ ಅಗಲ ಎಷ್ಟು, ಎರಡನ್ನೂ ಅಳೆಯಿರಿ.

ಹೆಜ್ಜೆ 4: ಲೋಟದ ಪರೀಕ್ಷೆ

ಪ್ರತಿ ಪದರದಿಂದ ಕಡಲೆಕಾಳಿನಷ್ಟು ಒಣ ಹೆಂಟೆ ಮೂರು ನಾಲ್ಕು ಎತ್ತಿಕೊಳ್ಳಿ. ಅಗಲ ಬಾಯಿಯ ಗಾಜಿನ ಲೋಟದಲ್ಲಿ ಬಟ್ಟಿ ಇಳಿಸಿದ ನೀರು ಹಾಕಿ, ಅಲ್ಲಾಡಿಸದೆ ಹೆಂಟೆಯನ್ನು ಮೆಲ್ಲಗೆ ಇಳಿಬಿಡಿ. ಹತ್ತು ನಿಮಿಷ ಕಳೆದ ಮೇಲೆ ಒಂದು ಸಲ, ಎರಡು ಗಂಟೆ ಕಳೆದ ಮೇಲೆ ಒಂದು ಸಲ ನೋಡಿ. ಹೆಂಟೆ ಕುಸಿದು ಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗೇ ಇದ್ದರೆ ಅದು ಬರೀ ಕುಸಿತ, ಸೋಡಿಯಂ ಸಾಕ್ಷಿ ಅಲ್ಲ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ, ನೀರೆಲ್ಲ ಅಕ್ಕಿ ತೊಳೆದ ನೀರಿನಂತಾದರೆ ಜೇಡಿ ಚದುರುತ್ತಿದೆ ಎಂದರ್ಥ.

ನೀರಿನ ವಿಷಯದಲ್ಲಿ ನಾನು ಎಡವಿದ್ದೇನೆ. ಮೊದಲ ವರ್ಷ ಬಟ್ಟಿ ನೀರಿನ ಕ್ಯಾನು ಮರೆತು ಬಂದು, ಪಕ್ಕದ ತೋಟದ ಮನೆಯ ಬಾವಿ ನೀರಲ್ಲೇ ಪರೀಕ್ಷೆ ಮಾಡಿದೆ. ಕಂಬಗಳು ಕಣ್ಣೆದುರಿಗೇ ಇದ್ದವು, ನೀರು ಮಾತ್ರ ತಿಳಿ. ‘ಚದುರುವುದಿಲ್ಲ’ ಎಂದು ಬರೆದುಕೊಂಡು ಬಂದೆ. ಸಂಜೆ ಜೊತೆಯ ಹಿರಿಯರು ಪುಸ್ತಕ ನೋಡಿ, ‘ಯಾವ ನೀರು ಹಾಕಿದೆ?’ ಎಂದು ಒಂದೇ ಪ್ರಶ್ನೆ ಕೇಳಿದರು. ಪ್ರೇರಿಯ ಬಾವಿ ನೀರಿನಲ್ಲೇ ಉಪ್ಪಿರುತ್ತದೆ, ಉಪ್ಪುನೀರಿನಲ್ಲಿ ಸೋಡಿಯಂ ಜೇಡಿಯೂ ಗಂಟು ಕಟ್ಟಿಕೊಂಡೇ ಇರುತ್ತದೆ. ಇದೇ ಕಾರಣಕ್ಕೆ, ಮಣ್ಣಿನಲ್ಲೇ ಉಪ್ಪೂ ಸೋಡಿಯಮ್ಮೂ ಎರಡೂ ಹೆಚ್ಚಿದ್ದರೆ ಬಟ್ಟಿ ನೀರಿನಲ್ಲೂ ಮಬ್ಬು ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಮಬ್ಬು ಬಂದರೆ ನಂಬಿ. ಬಾರದಿದ್ದರೆ ಪ್ರಯೋಗಾಲಯದ ವರದಿ ಬರುವತನಕ ಬಾಯಿ ಬಿಡಬೇಡಿ.

ಹೆಜ್ಜೆ 5: ವರದಿಯಲ್ಲಿ ಏನು ಕೇಳಬೇಕು, ಹೇಗೆ ಓದಬೇಕು

ಎ, ಎಇ, ಬಿಎನ್‌ಟಿಯ ಮೇಲರ್ಧ, ಕೆಳರ್ಧ, ಸಿ, ಹೀಗೆ ಪದರವಾರು ಬೇರೆ ಬೇರೆ ಚೀಲ. ‘0ರಿಂದ 15 ಸೆಂ.ಮೀ.’ ಎಂದು ಅಳತೆ ಕಡ್ಡಿ ಹಿಡಿದು ತೆಗೆದರೆ ಹಿಟ್ಟೂ ಸಿಮೆಂಟೂ ಒಂದೇ ಚೀಲ ಸೇರಿ, ಎರಡರದ್ದೂ ಅಲ್ಲದ ಅಂಕಿ ಬರುತ್ತದೆ. ಗೊಬ್ಬರದ ಶಿಫಾರಸಿಗೆ ಅದು ಸಾಕು, ವರ್ಗೀಕರಣಕ್ಕೆ ಸಾಲದು. ಕೇಳಬೇಕಾದದ್ದು: ಜೇಡಿ ಪ್ರಮಾಣ, ಪಿಎಚ್, ಸಾವಯವ ಇಂಗಾಲ, ಸಂತೃಪ್ತ ಸಾರದ (ನೀರು ತುಂಬಿಸಿ ಕಲಸಿದ ಮಣ್ಣಿನಿಂದ ಹೀರಿ ತೆಗೆದ ನೀರಿನ) ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಅಳತೆ, ಅದೇ ಸಾರದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಮತ್ತು ವಿನಿಮಯ ಕ್ಯಾಟಯಾನುಗಳು, ಅಂದರೆ ಜೇಡಿಯ ಹಾಳೆಗಳಿಗೆ ಅಂಟಿಕೊಂಡ ಧನಾಂಶದ ಅಯಾನುಗಳು.

ಲೆಕ್ಕ ಎರಡು. ಮೊದಲನೆಯದು ಎಸ್‌ಎಆರ್, ಸೋಡಿಯಂ ಹೀರಿಕೆಯ ಅನುಪಾತ: ಸಾರದ ಕ್ಯಾಲ್ಸಿಯಂ ಮೆಗ್ನೀಷಿಯಂ ಕೂಡಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆದು, ಅದರಿಂದ ಸೋಡಿಯಮ್ಮನ್ನು ಭಾಗಿಸಿ. ಉದಾಹರಣೆಗೆ ಲೀಟರಿಗೆ ಮಿಲಿಈಕ್ವಿವಲೆಂಟ್ ಲೆಕ್ಕದಲ್ಲಿ ಸೋಡಿಯಂ 40, ಕ್ಯಾಲ್ಸಿಯಂ 6, ಮೆಗ್ನೀಷಿಯಂ 12 ಇದೆ ಅನ್ನಿ. 18ರ ಅರ್ಧ 9, ವರ್ಗಮೂಲ 3, 40 ಭಾಗಿಸು 3 ಅಂದರೆ 13.3. ಎರಡನೆಯದು ಇಎಸ್‌ಪಿ, ಮಣ್ಣು ಹಿಡಿದಿಟ್ಟುಕೊಳ್ಳಬಲ್ಲ ಒಟ್ಟು ಕ್ಯಾಟಯಾನುಗಳಲ್ಲಿ ಸೋಡಿಯಂ ಶೇಕಡಾ ಎಷ್ಟು ಎಂಬುದು. ಅಮೆರಿಕದ ಕೃಷಿ ಇಲಾಖೆ 1954ರಲ್ಲಿ ಪ್ರಕಟಿಸಿದ 60ನೇ ಕೈಪಿಡಿ ಇಎಸ್‌ಪಿ 15 ಎಂಬ ಗೆರೆ ಹಾಕಿತು. ಎಸ್‌ಎಆರ್ 13 ಅಂದರೆ ಇಎಸ್‌ಪಿ 15ರ ಹತ್ತಿರ ಬರುತ್ತದೆ, ಅದಕ್ಕೇ ಎರಡೂ ಅಂಕಿ ಜೋಡಿಯಾಗಿ ಓಡಾಡುತ್ತವೆ.

ಎಚ್ಚರಿಕೆ ಎರಡು. ಒಂದು, ಅದೇ ಕೈಪಿಡಿ ಸೋಡಿಯಂ ಮಣ್ಣಿನ ಪಿಎಚ್ 8.5ಕ್ಕಿಂತ ಹೆಚ್ಚು ಎನ್ನುತ್ತದೆ. ನಮ್ಮ ಕಾಲೇಜುಗಳಲ್ಲಿ ಇದನ್ನೇ ಬಾಯಿಪಾಠ ಮಾಡಿಸುತ್ತಾರೆ. ಪ್ರೇರಿಯಲ್ಲಿ ಉಪ್ಪು ಬಹುಪಾಲು ಸಲ್ಫೇಟು, ಕಾರ್ಬೊನೇಟ್ ಅಲ್ಲ, ಹಾಗಾಗಿ ಗಟ್ಟಿ ಪದರದ ಪಿಎಚ್ ಆ ಗೆರೆ ಮುಟ್ಟದೇ ಇರಬಹುದು. ಹಳೆಯದಾದ ಸೊಲೊನೆಟ್ಸ್‌ನಲ್ಲಿ ಮೇಲ್ಮಣ್ಣು 6ಕ್ಕಿಂತ ಕಮ್ಮಿಯಾಗಿ ಹುಳಿಯೇ ಆಗಿರುತ್ತದೆ. ‘ಪಿಎಚ್ ಕಮ್ಮಿ ಇದೆ, ಕ್ಷಾರ ಮಣ್ಣಲ್ಲ’ ಎಂದು ಕೈಬಿಟ್ಟರೆ ತಪ್ಪಿದಿರಿ. ಇನ್ನೊಂದು, ಜಿಪ್ಸಮ್ ಇರುವ ಪದರದಲ್ಲಿ ಪರೀಕ್ಷೆಯ ದ್ರಾವಣ ಜಿಪ್ಸಮ್ಮನ್ನೂ ಕರಗಿಸಿ ಕ್ಯಾಲ್ಸಿಯಂ ಅಂಕಿಯನ್ನು ಉಬ್ಬಿಸುತ್ತದೆ. ಅಲ್ಲಿ ಎಸ್‌ಎಆರ್ ಅನ್ನೇ ನೆಚ್ಚಿಕೊಳ್ಳಿ.

ಹೆಜ್ಜೆ 6: ಹೆಸರು

ಒಂದೇ ಗುಂಡಿಗೆ ಮೂರು ಹೆಸರು ಬರಬಹುದು, ಮೂರೂ ಸರಿಯೇ.

ಕೆನಡಾದ ಪದ್ಧತಿ ಓದಲು ಸಲೀಸು, ಅದರಿಂದ ಶುರುಮಾಡಿ. ಮೂರನೆಯ ಆವೃತ್ತಿ 1998ರದ್ದು. ಇದರಲ್ಲಿ ಸೊಲೊನೆಟ್ಸಿಕ್ ಎಂಬುದೇ ಒಂದು ಪ್ರತ್ಯೇಕ ಗಣ. ಬೇಕಾದದ್ದು ಕಂಬ ಅಥವಾ ಪಟ್ಟಕದ ಆಕಾರದ ಗಟ್ಟಿ ಬಿಎನ್‌ಟಿ, ಅದರಲ್ಲಿ ವಿನಿಮಯ ಕ್ಯಾಲ್ಸಿಯಂ ಸೋಡಿಯಮ್ಮಿನ ಹತ್ತು ಪಟ್ಟು ಅಥವಾ ಅದಕ್ಕಿಂತ ಕಮ್ಮಿ. ಇಎಸ್‌ಪಿಯ ಮಾತೇ ಇಲ್ಲ. ಒಳಗೆ ನಾಲ್ಕು ಮನೆ: ಎಇ ಪದರ ಇಲ್ಲದೆ ಅಥವಾ ಅಖಂಡವಾಗಿ 2 ಸೆಂ.ಮೀ. ಇಲ್ಲದೆ ಹೋದರೆ ಸೊಲೊನೆಟ್ಸ್, 2 ಸೆಂ.ಮೀ. ದಾಟಿ ಕೆಳಗೆ ಕಂಬ ಗಟ್ಟಿಯಾಗೇ ಇದ್ದರೆ ಸೊಲೊಡೈಸ್ಡ್ ಸೊಲೊನೆಟ್ಸ್, ಎಬಿ ಪದರ ಮೂಡಿದ್ದರೆ ಸೊಲೊಡ್, ಇವುಗಳ ಜೊತೆ ಜಾರುಮುಖದ ಪದರವೂ ಸೇರಿದ್ದರೆ ವರ್ಟಿಕ್ ಸೊಲೊನೆಟ್ಸಿಕ್. ಮೇಲ್ಮಣ್ಣಿನ ಬಣ್ಣದಿಂದ ಬ್ರೌನ್, ಡಾರ್ಕ್ ಬ್ರೌನ್, ಬ್ಲಾಕ್ ಎಂಬ ವಿಶೇಷಣ ಸೇರುತ್ತದೆ. ಒಣ ಸೀಮೆಗೆ ಬ್ರೌನ್, ಮಳೆ ಹೆಚ್ಚಿದಂತೆ ಕಪ್ಪು.

ಅಮೆರಿಕದ ಪದ್ಧತಿಯಲ್ಲಿ ಮೊದಲ ಪ್ರಶ್ನೆ, ‘ನ್ಯಾಟ್ರಿಕ್’ ಪದರ ಇದೆಯೇ? ಮೇಲಿನ ಪದರಕ್ಕಿಂತ ಜೇಡಿ ಹೆಚ್ಚಿರಬೇಕು. ಮೇಲೆ 15ರಿಂದ 40 ಪರ್ಸೆಂಟ್ ಜೇಡಿ ಇದ್ದರೆ ಕೆಳಗೆ ಅದರ 1.2 ಪಟ್ಟು. ಕಂಬ ಅಥವಾ ಪಟ್ಟಕದ ಆಕಾರ ಬೇಕು, ಇಲ್ಲವೇ ಮೇಲಿನ ಬಿಳುಪು ಮಣ್ಣು ಸಂದಿಗಳಲ್ಲಿ ನಾಲಗೆ ಚಾಚಿದಂತೆ ಇಳಿದ ಇಟ್ಟಿಗೆಯಂಥ ಹೆಂಟೆಗಳಾದರೂ ಬೇಕು. ಪದರದ ತಲೆಯಿಂದ 40 ಸೆಂ.ಮೀ. ಒಳಗೆ ಇಎಸ್‌ಪಿ 15 ಅಥವಾ ಎಸ್‌ಎಆರ್ 13 ಮುಟ್ಟಬೇಕು. ಮುಟ್ಟದಿದ್ದರೆ ಹಿಂಬಾಗಿಲು ಒಂದಿದೆ: ಅಲ್ಲಿ ಮೆಗ್ನೀಷಿಯಂ ಸೋಡಿಯಂ ಕೂಡಿಸಿದ್ದು ಕ್ಯಾಲ್ಸಿಯಂ ಮತ್ತು ವಿನಿಮಯ ಆಮ್ಲತೆಯ ಮೊತ್ತಕ್ಕಿಂತ ಹೆಚ್ಚಿದ್ದು, ಮೇಲ್ಮೈಯಿಂದ 2 ಮೀಟರ್ ಒಳಗೆ ಎಲ್ಲಾದರೂ ಇಎಸ್‌ಪಿ 15 ಇದ್ದರೆ ಸಾಕು.

ವ್ಯತ್ಯಾಸ ಎಲ್ಲಿ ಕಚ್ಚುತ್ತದೆ ಎಂದು ತೋರಿಸಲು ಒಂದು ಲೆಕ್ಕ. ಗಟ್ಟಿ ಪದರದಲ್ಲಿ ವಿನಿಮಯ ಕ್ಯಾಲ್ಸಿಯಂ 14, ಮೆಗ್ನೀಷಿಯಂ 10, ಸೋಡಿಯಂ 2.5, ಒಟ್ಟು ಸಾಮರ್ಥ್ಯ 27 ಅನ್ನಿ. ಕ್ಯಾಲ್ಸಿಯಂ ಸೋಡಿಯಮ್ಮಿನ 5.6 ಪಟ್ಟು, ಕೆನಡಾದಲ್ಲಿ ಪಾಸು. ಇಎಸ್‌ಪಿ 9.3 ಮಾತ್ರ, ಅಮೆರಿಕದ ಮುಂಬಾಗಿಲಲ್ಲಿ ಫೇಲು. ಮೆಗ್ನೀಷಿಯಂ ಸೋಡಿಯಂ ಕೂಡಿ 12.5, ಕ್ಯಾಲ್ಸಿಯಂ ಒಂದೇ 14, ಹಿಂಬಾಗಿಲೂ ಮುಚ್ಚಿತು. ಅದೇ ಕಂಬ, ಅದೇ ಗಟ್ಟಿತನ. ನನ್ನ ಕೇಳಿದರೆ ಹೊಲದಲ್ಲಿ ಬೇರು ಅನುಭವಿಸುವುದನ್ನು ಕೆನಡಾದ ಗೆರೆ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಮಣ್ಣು ತೊಳೆಯುತ್ತ ಸೋಡಿಯಂ ಕಮ್ಮಿಯಾದರೂ ಅದು ಕಟ್ಟಿದ ಕಂಬ ಬೇಗ ಕರಗುವುದಿಲ್ಲವಲ್ಲ.

ನ್ಯಾಟ್ರಿಕ್ ಇದೆ ಎಂದಾದರೆ ಪೂರ್ತಿ ಹೆಸರು ಕಟ್ಟುವುದು ಹೀಗೆ. ಪಶ್ಚಿಮ ನಾರ್ತ್ ಡಕೋಟಾದ ರೋಡ್ಸ್ ಎಂಬ ಮಣ್ಣಿನ ಸರಣಿಯನ್ನು ತೆಗೆದುಕೊಳ್ಳಿ: ‘ಫೈನ್, ಸ್ಮೆಕ್ಟಿಟಿಕ್, ಫ್ರಿಜಿಡ್ ಲೆಪ್ಟಿಕ್ ವರ್ಟಿಕ್ ನ್ಯಾಟ್ರಸ್ಟಾಲ್’. ಬಾಲದಿಂದ ಓದಿ. ‘ಆಲ್’ ಅಂದರೆ ಮಾಲಿಸಾಲ್, ಹುಲ್ಲುಗಾವಲಿನ ಕಪ್ಪು ಮೃದು ಮೇಲ್ಮಣ್ಣಿನ ಗಣ. ತೇವದಲ್ಲಿ ಮನ್ಸೆಲ್ ವ್ಯಾಲ್ಯೂ (ಬಣ್ಣ ಎಷ್ಟು ತಿಳಿ ಎಂಬುದು) 3ರ ಒಳಗೆ, ಕ್ರೋಮಾ (ಬಣ್ಣ ಎಷ್ಟು ಕಡು ಎಂಬುದು) 3ರ ಒಳಗೆ, ಸಾವಯವ ಇಂಗಾಲ 0.6 ಪರ್ಸೆಂಟ್ ಮೇಲೆ. ‘ಅಸ್ಟ್’ ಸುಡುವುದಕ್ಕೆ ಲ್ಯಾಟಿನ್ ಮೂಲ, ಬೆಳೆಯ ಕಾಲದಲ್ಲಿ ಸ್ವಲ್ಪ ತೇವ ಸಿಕ್ಕರೂ ಒಣಗುವ ಸೀಮೆ. ‘ನ್ಯಾಟ್ರ್’ ನಮ್ಮ ಸೋಡಿಯಂ. ‘ವರ್ಟಿಕ್’ ಬಿರುಕು ಬಿಡುವ ಗುಣ. ‘ಲೆಪ್ಟಿಕ್’ ಅಂದರೆ ಮೇಲ್ಮೈಯಿಂದ 40 ಸೆಂ.ಮೀ. ಒಳಗೇ ಜಿಪ್ಸಮ್ ಅಥವಾ ಉಪ್ಪಿನ ಹರಳು ಕಂಡಿದೆ. ‘ಫ್ರಿಜಿಡ್’ ಅಂದರೆ ಮಣ್ಣಿನ ವಾರ್ಷಿಕ ಸರಾಸರಿ ಉಷ್ಣತೆ 8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ‘ಫೈನ್’ ಅಂದರೆ ಜೇಡಿ 35ರಿಂದ 60 ಪರ್ಸೆಂಟ್. ನೀವು ಗುಂಡಿಯಲ್ಲಿ ಅಳೆದದ್ದೆಲ್ಲ ಒಂದೇ ಸಾಲಿನಲ್ಲಿ ಬಂದು ನಿಂತಿತು.

ಒಂದು ಬಲೆ ಇದೆ. ಅಮೆರಿಕದ ಪದ್ಧತಿಯಲ್ಲಿ ಗಣಗಳನ್ನು ಕ್ರಮವಾಗಿ ಕೇಳುತ್ತ ಹೋಗಬೇಕು, ಎರೆಯಂತೆ ಬಿರಿಯುವ ಜೇಡಿಮಣ್ಣಿನ ಗಣವಾದ ವರ್ಟಿಸಾಲ್ ಸರದಿ ಮಾಲಿಸಾಲ್‌ಗಿಂತ ಮುಂದಿದೆ. ಮೇಲ್ಮೈಯಿಂದ ಒಂದು ಮೀಟರ್ ಒಳಗೆ ಜಾರುಮುಖದ ಪದರ 25 ಸೆಂ.ಮೀ. ದಪ್ಪ ಇದ್ದು, ಜೇಡಿ ಮೇಲಿನಿಂದಲೇ 30 ಪರ್ಸೆಂಟ್ ದಾಟಿ, ಬಿರುಕು ತೆರೆದು ಮುಚ್ಚುತ್ತಿದ್ದರೆ ಅದು ವರ್ಟಿಸಾಲ್ ಮನೆಗೆ ಹೋಗುತ್ತದೆ, ಸೋಡಿಯಂ ಎಷ್ಟೇ ಇರಲಿ. ಅಂತರರಾಷ್ಟ್ರೀಯ ಡಬ್ಲ್ಯುಆರ್‌ಬಿ ಪದ್ಧತಿಯಲ್ಲಿ ಇದು ತಿರುಗುಮುರುಗು: ಅಲ್ಲಿ ಸೊಲೊನೆಟ್ಸ್ ಸರದಿ ವರ್ಟಿಸಾಲ್‌ಗಿಂತ ಮೊದಲು. ಒಂದು ಮೀಟರ್ ಒಳಗೆ ನ್ಯಾಟ್ರಿಕ್ ಪದರ ಶುರುವಾದರೆ ಸೊಲೊನೆಟ್ಸ್ ಎಂದು ಬರೆದು, ಬಿರುಕಿನ ಗುಣವನ್ನು ವಿಶೇಷಣವಾಗಿ ಸೇರಿಸಬೇಕು. ಯಾವ ಪದ್ಧತಿ, ಯಾವ ಆವೃತ್ತಿ ಎಂದು ಹೆಸರಿನ ಪಕ್ಕ ಬರೆಯದಿದ್ದರೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ.

ತುಂಗಭದ್ರಾ ಕಾಲುವೆ ಬಯಲಿನ ಸೋಡಿಯಂ ಹಿಡಿದ ಎರೆಮಣ್ಣು ನೋಡಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಕಂಬ ಹುಡುಕಿದರೆ ಸಿಗುವುದಿಲ್ಲ. ಎರೆ ವರ್ಷ ವರ್ಷವೂ ಬಿರಿದು, ಉಬ್ಬಿ, ತನ್ನನ್ನು ತಾನೇ ಕಲಸಿಕೊಳ್ಳುವುದರಿಂದ ಜೇಡಿ ಇಳಿದು ಕಂಬ ಕಟ್ಟುವಷ್ಟು ಪುರಸೊತ್ತು ಅದಕ್ಕಿಲ್ಲ. ಸೋಡಿಯಂ ಗೆರೆ ದಾಟಿದ ಅಂಥ ಮಣ್ಣು ಸಾಮಾನ್ಯವಾಗಿ ವರ್ಟಿಸಾಲ್ ಗಣದೊಳಗಿನ ಸೋಡಿಕ್ ಹ್ಯಾಪ್ಲಸ್ಟರ್ಟ್ ಕಡೆಗೆ ಹೋಗುತ್ತದೆ. ಅಲ್ಲಿ ನೀರಾವರಿ ಬಂದ ಮೇಲೆ ಅಂತರ್ಜಲ ಏರಿ ಸವಳು-ಜವಳಾದ ಹೊಲಗಳು ನಮ್ಮ ಅಜ್ಜ ಅಪ್ಪಂದಿರ ಕಾಲದವು. ಪ್ರೇರಿಯ ಕಂಬಕ್ಕೆ ನೀರಾವರಿ ಬೇಕಾಗಿರಲಿಲ್ಲ, ಸಾವಿರಾರು ವರ್ಷ ಹಿಡಿದು ತಾನಾಗೇ ಆಯಿತು.

ಗುಂಡಿ ಮುಚ್ಚುವ ಮುನ್ನ

ರೈತರು ಬಂದು ‘ಇದಕ್ಕೇನು ಮಾಡೋದು?’ ಎಂದು ಕೇಳಿಯೇ ಕೇಳುತ್ತಾರೆ. ಸುಣ್ಣ ಅಥವಾ ಜಿಪ್ಸಮ್ ಎಷ್ಟು ಆಳದಲ್ಲಿದೆ ಎಂದು ಬರೆದಿಟ್ಟದ್ದು ಆಗ ಕೈಹಿಡಿಯುತ್ತದೆ. ಅದು ಅರ್ಧ ಮೀಟರಿನ ಆಸುಪಾಸಿನಲ್ಲಿದ್ದರೆ, ಆಳದ ನೇಗಿಲು ಹಾಕಿ ಆ ಕ್ಯಾಲ್ಸಿಯಮ್ಮನ್ನೇ ಮೇಲೆತ್ತಿ ಗಟ್ಟಿ ಪದರಕ್ಕೆ ಬೆರೆಸುವ ವಿಧಾನವನ್ನು ಆಲ್ಬರ್ಟಾ, ಸಸ್ಕಾಚೆವಾನ್‌ಗಳಲ್ಲಿ ಮಾಡಿ ನೋಡಿದ್ದಾರೆ. ಖರ್ಚಿನ ಕೆಲಸ. ಕೆಳಗಿನ ಉಪ್ಪೂ ಜೊತೆಗೆ ಮೇಲೆ ಬರುವ ಕಡೆ ಮಾಡಬಾರದು, ಸಿ ಪದರದ ವಿದ್ಯುತ್ ವಾಹಕತೆ ನೋಡದೆ ಹ್ಞೂಂ ಅನ್ನಬೇಡಿ. ಉಳದ ಹುಲ್ಲುಗಾವಲಾಗಿದ್ದರೆ ಹಾಗೇ ಬಿಡಿ ಎನ್ನುವುದೇ ನನ್ನ ಸಲಹೆ. ಉಳುವವರಿಗೆ ಹೇಳಬೇಕಾದದ್ದು, ಹದ ತಪ್ಪಿ ತೇವದಲ್ಲಿ ಉಳಬಾರದು. ಈ ಮಣ್ಣಿಗೆ ಹದ ಸಿಗುವುದೇ ವರ್ಷದಲ್ಲಿ ನಾಲ್ಕಾರು ದಿನ.

ಮುಚ್ಚುವಾಗ ಸಿ ಮೊದಲು, ಆಮೇಲೆ ಕಂಬದ ಹೆಂಟೆಗಳು, ಕೊನೆಗೆ ಕಪ್ಪು ಮೇಲ್ಮಣ್ಣು. ತೋಡುವಾಗಲೇ ಮೂರನ್ನೂ ಬೇರೆ ಬೇರೆ ಗುಡ್ಡೆ ಹಾಕಿದ್ದರೆ ಮಾತ್ರ ಇದು ಸಾಧ್ಯ. ಗಟ್ಟಿ ಹೆಂಟೆ ಮೇಲೆ ಬಿದ್ದರೆ ಬರುವ ವರ್ಷ ಆ ಚೌಕದಲ್ಲಿ ಹುಲ್ಲು ಹುಟ್ಟುವುದಿಲ್ಲ, ಮಾಲೀಕರು ಮತ್ತೆ ಗುಂಡಿ ತೋಡಲು ಬಿಡುವುದೂ ಇಲ್ಲ. ಒಂದು ಕಂಬವನ್ನು ಮಾತ್ರ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಮೇಲೆ ಆಳ ಮತ್ತು ತಾರೀಖು ಬರೆದು ಕಾರಿನಲ್ಲಿಟ್ಟುಕೊಳ್ಳಿ.